ಹಾಸು, ಹೊಕ್ಕು ಮತ್ತು ಪಿಕ್ಸೆಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಸಾಂಪ್ರದಾಯಿಕ ನೇಯ್ಗೆ ಮತ್ತು ಕಸೂತಿಯ ವಿನ್ಯಾಸಗಳನ್ನು ಕಂಪ್ಯೂಟರಿನ ನೆರವಿನಿಂದ ಹೊಸ ಬಟ್ಟೆಗೆ ತರುವ ನನ್ನ ಕೆಲಸದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದ ಟಿಪ್ಪಣಿಗೆ ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ಪ್ರಶ್ನೆಗಳೇ ಹೆಚ್ಚಾಗಿದ್ದವು. ಅದು ನನಗೆ ಸಂತೋಷದ ವಿಷಯವೇ. ಒಂದೇ ಸಂದೇಹವನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ ಪತ್ರಗಳನ್ನು ಒಂದಾಗಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮನೆಯಲ್ಲಿದ್ದ ಹಳೆಯ ಇಕತ್ ಬಟ್ಟೆಯೊಂದನ್ನು ಸ್ಕ್ಯಾನ್ ಮಾಡಿ, ಬಣ್ಣಗಳನ್ನು ಸ್ವಲ್ಪ ತಿದ್ದಿ, ಹತ್ತಿ ಬಟ್ಟೆಯ ಮೇಲೆ ಡಿಜಿಟಲ್ ಮುದ್ರಣ ಮಾಡಿಸಿದೆ. ಗೆರೆಗಳು ಸ್ಪಷ್ಟವಾಗಿವೆ, ಬಣ್ಣವೂ ತಕ್ಕಮಟ್ಟಿಗೆ ಹೊಂದಿದೆ. ಆದರೂ ಮೂಲದ ಕಳೆ ಇದರಲ್ಲಿ ಇಲ್ಲ. ನಾನು ತಪ್ಪಿದ್ದೆಲ್ಲಿ?
— ವಸ್ತ್ರವಿನ್ಯಾಸದ ವಿದ್ಯಾರ್ಥಿನಿ

ಉತ್ತರ: ನೀವು ಬಟ್ಟೆಯನ್ನು ಚಿತ್ರವೆಂದು ಭಾವಿಸಿದಿರಿ; ತಪ್ಪಿದ್ದು ಅಲ್ಲಿಯೇ. ಇಕತ್ ಎಂಬುದು ನೇಯ್ದ ಮೇಲೆ ಬಟ್ಟೆಯ ಮೇಲೆ ಬರೆದ ಚಿತ್ರವಲ್ಲ. ನೂಲನ್ನು ಮಗ್ಗಕ್ಕೆ ಏರಿಸುವ ಮೊದಲೇ, ಬಣ್ಣ ತಾಗಬಾರದ ಕಡೆಗಳಲ್ಲೆಲ್ಲ ಬಿಗಿಯಾಗಿ ಕಟ್ಟಿ, ಬಣ್ಣದಲ್ಲಿ ಅದ್ದಿ, ಕಟ್ಟು ಬಿಚ್ಚಿ, ಮತ್ತೆ ಬೇರೆ ಕಡೆ ಕಟ್ಟಿ, ಹೀಗೆ ಒಂದೊಂದು ಬಣ್ಣವನ್ನೂ ಕೂಡಿಸಿಕೊಂಡ ನೂಲುಗಳು ಮಗ್ಗದ ಮೇಲೆ ಒಂದರ ಪಕ್ಕದಲ್ಲಿ ಒಂದು ಕುಳಿತಾಗ ವಿನ್ಯಾಸ ಮೂಡುತ್ತದೆ. ಗುಜರಾತಿನ ಪಾಟಣದ ಪಟೋಲದಲ್ಲಿ ಉದ್ದಕ್ಕೆ ಬಿಗಿದ ಹಾಸುನೂಲು ಮತ್ತು ಅಡ್ಡಕ್ಕೆ ಹಾಯುವ ಹೊಕ್ಕುನೂಲು ಎರಡನ್ನೂ ಹೀಗೆ ಕಟ್ಟಿ ಬಣ್ಣ ಹಾಕುತ್ತಾರೆ. ಬಾಲಿಯ ತೆಂಗನಾನ್ ಊರಿನ ಗೆರಿಂಗ್‌ಸಿಂಗ್ ಬಟ್ಟೆಯೂ ಇದೇ ಜಾತಿಯದು. ಬಣ್ಣ ಬಂದ ಎರಡು ನೂಲುಗಳು ತಮ್ಮ ತಮ್ಮ ಜಾಗದಲ್ಲಿ ಕೂದಲೆಳೆಯಷ್ಟು ಜರುಗಿದರೂ ಹೂವಿನ ಅಂಚು ಗರಿ ಬಿಚ್ಚಿದಂತೆ ಮಸುಕಾಗುತ್ತದೆ. ಆ ಮಸುಕು ಎಲ್ಲ ಕಡೆಯೂ ಒಂದೇ ಸಮನಾಗಿ ಇರುವುದಿಲ್ಲ: ಹಾಸು ಅಥವಾ ಹೊಕ್ಕು ಒಂದನ್ನೇ ಕಟ್ಟಿ ಬಣ್ಣ ಹಾಕಿದ ಇಕತ್‌ನಲ್ಲಿ ಅದು ನೂಲು ಜರುಗುವ ದಿಕ್ಕಿನಲ್ಲಿ ಮಾತ್ರ ಇರುತ್ತದೆ, ಅಡ್ಡ ದಿಕ್ಕಿನಲ್ಲಿ ಅಂಚು ಚೂಪಾಗಿಯೇ ಉಳಿಯುತ್ತದೆ. ನಿಮ್ಮ ಮುದ್ರಣವು ಆ ಮಸುಕನ್ನು ಒಂದು ಸಲ ಮಾತ್ರ ಸೆರೆಹಿಡಿದು, ಪ್ರತಿ ಹೂವಿಗೂ ಅದೇ ಮಸುಕನ್ನು ಅಂಟಿಸಿದೆ. ಹತ್ತು ಹೂಗಳಲ್ಲಿ ಹತ್ತೂ ಒಂದೇ ಕಡೆ ಒಂದೇ ಅಳತೆಯಲ್ಲಿ ನಡುಗಿದರೆ ಅದು ನಟನೆಯೆಂದು ಕಣ್ಣಿಗೆ ತಿಳಿಯುತ್ತದೆ, ಬಾಯಿಗೆ ಕಾರಣ ಹೇಳಲು ಬರದಿದ್ದರೂ.

ಇನ್ನೂ ಒಂದು ಕಾರಣವಿದೆ. ನೇಯ್ದ ಬಟ್ಟೆಯಲ್ಲಿ ಬಣ್ಣವು ಮೇಲ್ಮೈಯ ಮೇಲೆ ಹರಡಿದ ಪದರವಲ್ಲ. ಕೆಂಪು ಹಾಸಿನ ಮೇಲೆ ಹಳದಿ ಹೊಕ್ಕು ಹಾದುಹೋದಾಗ ನಾವು ಕಿತ್ತಳೆಯೆಂದು ಕಾಣುವುದು ಪಕ್ಕಪಕ್ಕದ ಎರಡು ಬಣ್ಣಗಳನ್ನು ಕಣ್ಣೇ ಬೆರೆಸಿಕೊಳ್ಳುವುದರಿಂದ. ಬಟ್ಟೆಯನ್ನು ಬಾಗಿಸಿದರೆ ಹಾಸು ಒಂದು ಕೋನದಲ್ಲಿ, ಹೊಕ್ಕು ಇನ್ನೊಂದು ಕೋನದಲ್ಲಿ ಹೊಳೆದು ಬಣ್ಣ ಜರುಗುತ್ತದೆ. ಸ್ಕ್ಯಾನರ್ ಚಪ್ಪಟೆ ಬೆಳಕಿನಲ್ಲಿ ಈ ಜರುಗಾಟವನ್ನೆಲ್ಲ ಒರೆಸಿಹಾಕಿ ಒಂದು ಸರಾಸರಿ ಕಿತ್ತಳೆಯನ್ನು ನಿಮ್ಮ ಕೈಗೆ ಕೊಡುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಸ್ಕ್ಯಾನ್ ಅನ್ನು ಪಕ್ಕಕ್ಕಿಟ್ಟು, ಮೂಲ ಬಟ್ಟೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ಎಳೆಗಳನ್ನು ಎಣಿಸಿ. ಒಂದು ಅಂಗುಲದಲ್ಲಿ ಹಾಸಿನ ಎಳೆಗಳೆಷ್ಟು, ಹೊಕ್ಕಿನ ಎಳೆಗಳೆಷ್ಟು, ಒಂದು ಹೂವು ಎಷ್ಟು ಎಳೆಗಳಲ್ಲಿ ಮುಗಿಯುತ್ತದೆ, ಎರಡು ಹೂಗಳ ನಡುವೆ ಎಷ್ಟು ಎಳೆಗಳ ಬಿಡುವಿದೆ ಎಂಬುದನ್ನು ಬರೆದುಕೊಳ್ಳಿ. ಅನಂತರ ಚೌಕುಳಿ ಕಾಗದದ ಮೇಲೆ ಆ ಲೆಕ್ಕದಿಂದಲೇ ಹೂವನ್ನು ಮತ್ತೆ ಕಟ್ಟಿ. ಎರಡು ದಿನ ಹಿಡಿಯಬಹುದು, ಹಿಡಿಯಲಿ. ಮೂಲದವರು ಎಲ್ಲಿ ಒಂದು ಎಳೆಯನ್ನು ಬೇಕೆಂದೇ ಹೆಚ್ಚಿಸಿದರು, ಎಲ್ಲಿ ಕೈತಪ್ಪಿ ಬಿಟ್ಟರು ಎಂಬುದು ಈ ಎಣಿಕೆಯಲ್ಲಿಯೇ ನಿಮಗೆ ಗೊತ್ತಾಗುತ್ತದೆ. ಆಮೇಲೆ ಕಂಪ್ಯೂಟರಿಗೆ ಹೋದಾಗ ನಿಮ್ಮ ಕೈಯಲ್ಲಿರುವುದು ಛಾಯಾಚಿತ್ರವಲ್ಲ, ಒಂದು ನಿಯಮ. ನಿಯಮವಿದ್ದರೆ ಹತ್ತು ಹೂಗಳನ್ನು ಹತ್ತು ಬಗೆಯಲ್ಲಿ ನಡುಗಿಸುವುದು ಕಂಪ್ಯೂಟರಿಗೆ ಕಷ್ಟದ ಕೆಲಸವೇ ಅಲ್ಲ.

ಪ್ರಶ್ನೆ: ಚೌಕುಳಿ ಕಾಗದದ ಮೇಲೆ ನಾನು ಬರೆದ ವೃತ್ತವು ನೇಯ್ದು ಬಂದಾಗ ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಏಕೆ?
— ಹವ್ಯಾಸಿ ನೇಕಾರರು

ಉತ್ತರ: ನಿಮ್ಮ ಕಾಗದದ ಚೌಕಗಳು ಚೌಕಗಳೇ; ನಿಮ್ಮ ಬಟ್ಟೆಯ ಚೌಕಗಳು ಚೌಕಗಳಲ್ಲ. ಅಂಗುಲಕ್ಕೆ 60 ಹಾಸು, 40 ಹೊಕ್ಕು ಇರುವ ಬಟ್ಟೆಯಲ್ಲಿ 60 ಮನೆ ಅಗಲ, 60 ಮನೆ ಎತ್ತರದ ವೃತ್ತವು ಒಂದು ಅಂಗುಲ ಅಗಲಕ್ಕೂ ಒಂದೂವರೆ ಅಂಗುಲ ಎತ್ತರಕ್ಕೂ ನೇಯಲ್ಪಡುತ್ತದೆ. ಅದು ದುಂಡಗೆ ಬರಬೇಕೆಂದರೆ ಕಾಗದದ ಮೇಲೆ ಅದನ್ನು 60 ಮನೆ ಅಗಲ, 40 ಮನೆ ಎತ್ತರವಾಗಿ ಚಪ್ಪಟೆಯಾಗಿಯೇ ಬರೆಯಬೇಕು. ಮಗ್ಗದಿಂದ ಇಳಿಸಿದ ಮೇಲೆ ಮತ್ತು ಮೊದಲ ಒಗೆತದ ಮೇಲೆ ಬಟ್ಟೆ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಗೇಣುದ್ದದ ಮಾದರಿಯೊಂದನ್ನು ನೇಯ್ದು, ಒಗೆದು, ಒಣಗಿಸಿ, ಅನಂತರ ಎಣಿಸುವುದು ಸರಿಯಾದ ಕ್ರಮ.

ಪ್ರಶ್ನೆ: ನಾನು ನಲವತ್ತು ವರ್ಷ ಮಗ್ಗದ ಮೇಲೆ ಕುಳಿತವನು. ಕೈಯಿಂದ ಕೈಗೆ ಬಂದ ವಿನ್ಯಾಸಗಳನ್ನು ಕಂಪ್ಯೂಟರಿಗೆ ಕೊಟ್ಟು ಗುಂಡಿ ಒತ್ತಿದರೆ ಅದು ಪರಂಪರೆಗೆ ಮಾಡುವ ಅಪಚಾರವಲ್ಲವೇ? ತಮ್ಮ ಕೆಲಸದ ಬಗ್ಗೆ ಅಗೌರವವಿಲ್ಲ, ಆದರೂ ಕೇಳಬೇಕೆನಿಸಿತು.
— ನಿವೃತ್ತ ನೇಕಾರರು

ಉತ್ತರ: ಹಿರಿಯರಾದ ತಮ್ಮ ಪತ್ರವನ್ನು ಎರಡು ಸಲ ಓದಿದೆ. ತಮಗೆ ಉತ್ತರಿಸುವಾಗ ಮಗ್ಗದ ಚರಿತ್ರೆಯನ್ನು ತಮಗೇ ಹೇಳಿಕೊಡುವ ಧಾರ್ಷ್ಟ್ಯ ನನ್ನದೆಂದು ದಯವಿಟ್ಟು ಭಾವಿಸಬಾರದು. ಉಳಿದ ಓದುಗರಿಗಾಗಿ ಅದನ್ನು ಹೇಳಲೇಬೇಕಾಗಿದೆ.

ಕಂಪ್ಯೂಟರು ಮಗ್ಗಕ್ಕೆ ಹೊರಗಿನಿಂದ ಬಂದ ಅತಿಥಿಯಲ್ಲ. ಅದರ ಒಂದು ಬೇರು ಮಗ್ಗದಲ್ಲಿಯೇ ಇದೆ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಬಾಸಿಲ್ ಬೂಶೋನ್ 1725ರಲ್ಲಿ ರಂಧ್ರ ಕೊರೆದ ಕಾಗದದ ಸುರುಳಿಯಿಂದ ಹಾಸುನೂಲುಗಳನ್ನು ಆರಿಸುವ ಉಪಾಯವನ್ನು ಕಂಡುಹಿಡಿದನು. ಕೆಲವೇ ವರ್ಷಗಳಲ್ಲಿ ಅವನ ಸಹಾಯಕ ಫಾಲ್ಕೋನ್ ಆ ಸುರುಳಿಯ ಬದಲು ಒಂದಕ್ಕೊಂದು ಹೆಣೆದ ರಟ್ಟಿನ ಕಾರ್ಡುಗಳನ್ನು ತಂದನು. ಇವರ ಕೆಲಸಕ್ಕೂ ವೋಕಾನ್ಸನ್ ಎಂಬವನ ಸ್ವಯಂಚಾಲಿತ ಮಗ್ಗಕ್ಕೂ ಉತ್ತರಾಧಿಕಾರಿಯಾಗಿ 1804ರಲ್ಲಿ ಜೋಸೆಫ್ ಮರಿ ಜಕಾರ್ಡ್ ತನ್ನ ಹೆಸರಿನ ಯಂತ್ರವನ್ನು ರೂಪಿಸಿದನು. ಒಂದು ಕಾರ್ಡು, ಒಂದು ಹೊಕ್ಕು. ರಂಧ್ರವಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೆ ಉಳಿಯುತ್ತದೆ. ಇದೆ ಅಥವಾ ಇಲ್ಲ: ಕಂಪ್ಯೂಟರಿಗೆ ಗೊತ್ತಿರುವ ಭಾಷೆಯೂ ಇಷ್ಟೇ. ಜಕಾರ್ಡನ ಭಾವಚಿತ್ರವನ್ನೇ 1839ರಲ್ಲಿ ಸುಮಾರು 24,000 ಕಾರ್ಡುಗಳನ್ನು ಬಳಸಿ ರೇಷ್ಮೆಯಲ್ಲಿ ನೇಯಲಾಯಿತು. ಕೆತ್ತನೆಯ ಅಚ್ಚಿನಂತೆ ಕಾಣುವ ಆ ಬಟ್ಟೆಯ ಒಂದು ಪ್ರತಿಯನ್ನು ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ತನ್ನ ಬಳಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದನು. ತನ್ನ ಲೆಕ್ಕದ ಯಂತ್ರಕ್ಕೆ ಅವನು ಕಾರ್ಡುಗಳನ್ನು ಎರವಲು ಪಡೆದದ್ದು ಮಗ್ಗದಿಂದಲೇ. ಜಕಾರ್ಡ್ ಮಗ್ಗವು ಹೂವು ಎಲೆಗಳನ್ನು ನೇಯುವಂತೆ ಈ ಯಂತ್ರವು ಬೀಜಗಣಿತದ ವಿನ್ಯಾಸಗಳನ್ನು ನೇಯುತ್ತದೆ ಎಂಬ ಅರ್ಥದ ಮಾತನ್ನು ಗಣಿತಜ್ಞೆ ಏಡಾ ಲವ್‌ಲೇಸ್ 1843ರಲ್ಲಿ ಬರೆದಳು.

ಕಾರ್ಡುಗಳು ಬರುವ ಮೊದಲೂ ವಿನ್ಯಾಸವು ನೇಕಾರನ ತಲೆಯಲ್ಲಿ ಮಾತ್ರ ಇರುತ್ತಿರಲಿಲ್ಲ. ಬನಾರಸಿನ ನಕ್ಷಾಬಂದರು, ಅಂದರೆ ವಿನ್ಯಾಸ ಕಟ್ಟುವ ಕುಶಲಿಗಳು, ಇಡೀ ವಿನ್ಯಾಸವನ್ನು ದಾರಗಳಲ್ಲಿ ಕಟ್ಟಿ ಮಗ್ಗಕ್ಕೆ ಕೊಡುತ್ತಿದ್ದರು. ಆ ದಾರದ ಜಾಲದಲ್ಲಿ ಬುಟ್ಟಾ ಅಡಗಿರುತ್ತಿತ್ತು. ಮಗ್ಗದ ಬಳಿ ಕುಳಿತ ಇನ್ನೊಬ್ಬರು ಕ್ರಮ ತಪ್ಪದೆ ದಾರಗಳನ್ನು ಎಳೆದರೆ ಅದು ಬಟ್ಟೆಯಲ್ಲಿ ಅರಳುತ್ತಿತ್ತು. ನನ್ನ ಕಂಪ್ಯೂಟರಿನ ಕಡತಕ್ಕೂ ಆ ಜಾಲಕ್ಕೂ ಇರುವ ಅಂತರ ಗಾತ್ರದ್ದು, ಜಾತಿಯದಲ್ಲ ಎಂದು ನನ್ನ ಅಭಿಪ್ರಾಯ.

ಇಷ್ಟು ಹೇಳಿದ ಮೇಲೂ ತಮ್ಮ ಆತಂಕ ಸುಳ್ಳೆಂದು ನಾನು ಹೇಳಲಾರೆ. ಲಿಯೋನಿನ ನೇಕಾರರು ಜಕಾರ್ಡ್ ಯಂತ್ರವನ್ನು ವಿರೋಧಿಸಿದ್ದು ಅಜ್ಞಾನದಿಂದಲ್ಲ. ದಾರ ಎಳೆಯುವವರ ಕೂಲಿ ಹೋಗುವುದೆಂದು ಅವರಿಗೆ ತಿಳಿದಿತ್ತು, ಅದು ಹೋಯಿತು ಕೂಡ. ಹೊಸ ಉಪಕರಣ ಬಂದಾಗ ಯಾರ ಕೈಯ ಕೆಲಸ ತಪ್ಪುತ್ತದೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ನಾನು ಪಾಲಿಸುವ ನಿಯಮ ಸರಳವಾದದ್ದು: ನೇಯ್ಗೆಯನ್ನು ಎಣಿಸಿ ತಿಳಿದುಕೊಳ್ಳಲು, ಬಣ್ಣಗಳನ್ನು ಮೊದಲೇ ನೋಡಿಕೊಳ್ಳಲು, ಕಾರ್ಡು ಕೊರೆಯುವ ಮುನ್ನ ತಪ್ಪು ಹುಡುಕಲು ಕಂಪ್ಯೂಟರ್, ಬಟ್ಟೆ ಮಾತ್ರ ಮಗ್ಗದ ಮೇಲೆ. ಮುದ್ರಿಸಿದ ಬಟ್ಟೆಯನ್ನು ನೇಯ್ದದ್ದೆಂದು ಹೇಳಿ ಮಾರುವುದನ್ನು ನಾನು ಅಪಚಾರವೆಂದೇ ಕರೆಯುತ್ತೇನೆ. ಆ ಅಪಚಾರಕ್ಕೆ ಕಂಪ್ಯೂಟರ್ ಬೇಕಿಲ್ಲ, ಸುಳ್ಳು ಹೇಳುವ ಬಾಯಿ ಸಾಕು.

ಪ್ರಶ್ನೆ: ಅನುಕರಣೆಯು ಎಂದಾದರೂ ತಾನೇ ಒಂದು ಪರಂಪರೆಯಾಗಬಲ್ಲದೇ?
— ಕಲಾ ಇತಿಹಾಸದ ಅಧ್ಯಾಪಕರು

ಉತ್ತರ: ಆಗಿದೆ. ಜಾವಾದಲ್ಲಿ ಮೇಣದಿಂದ ಮುಚ್ಚಿ ಬಣ್ಣ ಹಾಕುವ ಬಾಟಿಕ್ ಬಟ್ಟೆಯನ್ನು 19ನೆಯ ಶತಮಾನದಲ್ಲಿ ನೆದರ್ಲೆಂಡ್ಸಿನವರು ಯಂತ್ರದಿಂದ ಅನುಕರಿಸಿದರು. ಮೇಣದ ಬದಲು ಬಳಸಿದ ರಾಳವು ಬಿರುಕುಬಿಟ್ಟು, ಬಣ್ಣವು ಸಣ್ಣ ಸಣ್ಣ ನರಗಳಂತೆ ಒಳಗಿಳಿಯುತ್ತಿತ್ತು. ಜಾವಾದ ಕಣ್ಣಿಗೆ ಅದು ದೋಷವಾಗಿ ಕಂಡಿತು; ಪಶ್ಚಿಮ ಆಫ್ರಿಕಾದಲ್ಲಿ ಅದೇ ಬಿರುಕು ಮೆಚ್ಚುಗೆ ಪಡೆಯಿತು. ಅಲ್ಲಿನ ಮಾರಾಟಗಾರ ಹೆಂಗಸರು ವಿನ್ಯಾಸಗಳಿಗೆ ತಮ್ಮದೇ ಹೆಸರಿಟ್ಟರು, ತಮ್ಮದೇ ಅರ್ಥ ಕೊಟ್ಟರು. ಇಂದು ಆ ಬಟ್ಟೆಯನ್ನು ಆಫ್ರಿಕಾದ ಗುರುತೆಂದೇ ಜಗತ್ತು ತಿಳಿಯುತ್ತದೆ. ಅನುಕರಣೆಯನ್ನು ಪರಂಪರೆಯಾಗಿಸಿದವರು ತಯಾರಿಸಿದವರಲ್ಲ, ಉಟ್ಟವರು ಎಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು.

ಪ್ರಶ್ನೆ: ಇದಕ್ಕೆ ದುಬಾರಿ ಸಾಫ್ಟ್‌ವೇರ್ ಅನಿವಾರ್ಯವೇ?
— ಹಲವು ಓದುಗರು

ಉತ್ತರ: ಇಲ್ಲ. ಉಚಿತವಾಗಿ ಸಿಗುವ ಗಿಂಪ್ ಮತ್ತು ಇಂಕ್‌ಸ್ಕೇಪ್ ಸಾಕು. ನೇಯ್ಗೆಗಾಗಿ ಬರೆಯುವಾಗ ಗಿಂಪ್‌ನಲ್ಲಿ ಒಂದು ಪಿಕ್ಸೆಲ್ ಎಂದರೆ ಎಳೆಗಳ ಒಂದು ಸಂಧಿ ಎಂದಿಟ್ಟುಕೊಳ್ಳಿ. ಬಣ್ಣಗಳನ್ನು ನಿಮ್ಮ ಬಳಿ ಇರುವ ನೂಲಿನ ಬಣ್ಣಗಳಷ್ಟಕ್ಕೇ ಸೀಮಿತಗೊಳಿಸಿ, ಅಂಚುಗಳನ್ನು ನುಣುಪುಗೊಳಿಸುವ ಸೌಲಭ್ಯವನ್ನು ಪೂರ್ತಿ ನಿಲ್ಲಿಸಿಬಿಡಿ; ಇಲ್ಲವಾದರೆ ಕೆಂಪಿಗೂ ಬಿಳಿಗೂ ನಡುವೆ ಅದು ತಾನಾಗಿಯೇ ಹುಟ್ಟಿಸುವ ಗುಲಾಬಿ ಬಣ್ಣಕ್ಕೆ ನೂಲನ್ನು ಎಲ್ಲಿಂದ ತರುತ್ತೀರಿ? ಮುದ್ರಣಕ್ಕಾಗಿ ಬರೆಯುವಾಗ ಮಾತ್ರ ಎಷ್ಟು ದೊಡ್ಡದು ಮಾಡಿದರೂ ಕೆಡದ ಗೆರೆಚಿತ್ರಗಳಿಗೆ ಇಂಕ್‌ಸ್ಕೇಪ್ ಅನುಕೂಲ.

ಪ್ರಶ್ನೆ: ಕೈಮಗ್ಗದ ನೇಕಾರರೊಬ್ಬರಿಗೆ ನನ್ನ ಡಿಜಿಟಲ್ ವಿನ್ಯಾಸವನ್ನು ಕಳುಹಿಸಿದೆ. ನೋಡಿದವರೇ ಇದು ಆಗುವುದಿಲ್ಲ ಎಂದು ಹಿಂದಿರುಗಿಸಿದರು. ಅವರಿಗೆ ಹೊಸತು ಬೇಡವೋ, ನನಗೆ ತಿಳಿಯದ್ದು ಏನಾದರೂ ಇದೆಯೋ?
— ಗ್ರಾಫಿಕ್ ವಿನ್ಯಾಸಕರು

ಉತ್ತರ: ಎರಡನೆಯದೇ ಇರಬೇಕು. ವಿನ್ಯಾಸ ಕಳುಹಿಸುವ ಮೊದಲು ನೀವು ಅವರ ಮಗ್ಗವನ್ನು ನೋಡಿದಿರೋ ಇಲ್ಲವೋ ಪತ್ರದಲ್ಲಿ ತಿಳಿಸಿಲ್ಲ. ನೋಡಿಲ್ಲವೆಂದು ಊಹಿಸಿ ಉತ್ತರಿಸುತ್ತೇನೆ.

ಕೈಮಗ್ಗದ ಮೇಲೆ ಕೂರಿಸುವ ಜಕಾರ್ಡಿನಲ್ಲಿ ಹಾಸಿನ ಎಳೆಗಳನ್ನು ಎತ್ತುವ ಕೊಕ್ಕೆಗಳ ಸಂಖ್ಯೆ ನಿಗದಿಯಾಗಿರುತ್ತದೆ: 120, 240, 400 ಹೀಗೆ. 240 ಕೊಕ್ಕೆಗಳ ಯಂತ್ರದಲ್ಲಿ ನಿಮ್ಮ ಹೂವು ತನ್ನನ್ನು ತಾನು ಮತ್ತೆ ಹೇಳಿಕೊಳ್ಳುವ ಮೊದಲು ಅದಕ್ಕೆ ಸಿಗುವುದು 240 ಬೇರೆ ಬೇರೆ ಚಲನೆಗಳು ಮಾತ್ರ. ನೀವು 1,000 ಪಿಕ್ಸೆಲ್ ಅಗಲದ ಚಿತ್ರ ಕಳುಹಿಸಿದರೆ ಅದು ಚಿಕ್ಕ ತಟ್ಟೆಗೆ ದೊಡ್ಡ ರಾಶಿ ಸುರಿದಂತೆ. ಎತ್ತರದ ಲೆಕ್ಕವೂ ಇದೆ. ವಿನ್ಯಾಸ ಎಷ್ಟು ಹೊಕ್ಕುಗಳಲ್ಲಿ ಮುಗಿಯುತ್ತದೆಯೋ ಅಷ್ಟು ಕಾರ್ಡುಗಳನ್ನು ಕೊರೆದು, ಹೆಣೆದು, ಮಗ್ಗದ ಮೇಲೆ ತೂಗುಹಾಕಬೇಕು. ಒಂದೇ ಸಾಲಿನಲ್ಲಿ ಮೂರು ಬಣ್ಣಗಳನ್ನು ಕೇಳಿದರೆ ಒಂದು ಸಾಲಿಗೆ ಲಾಳಿ ಮೂರು ಸಲ ಓಡಬೇಕು, ಕಾರ್ಡುಗಳೂ ಮೂರು ಪಟ್ಟು ಆಗುತ್ತವೆ.

ಮೂರನೆಯದು ಪರದೆಯ ಮೇಲೆ ಕಾಣಿಸದ ದೋಷ, ಅದೇ ಹೆಚ್ಚು ಅಪಾಯದ್ದು. ಪರದೆಯ ಮೇಲೆ ನೀವು ಎರಡು ಅಂಗುಲ ಅಗಲದ ಅಚ್ಚ ಕೆಂಪು ದಳವೊಂದನ್ನು ತುಂಬಿದರೆ ಪರದೆಗೆ ಏನೂ ಆಗುವುದಿಲ್ಲ. ಮಗ್ಗದಲ್ಲಿ ಆ ಕೆಂಪು ಎಳೆಯು ಎರಡು ಅಂಗುಲದುದ್ದಕ್ಕೂ ಎಲ್ಲಿಯೂ ಹಾಸಿನ ಎಳೆಗಳಿಗೆ ಸಿಕ್ಕಿಕೊಳ್ಳದೆ ಮೇಲೆ ತೇಲುತ್ತಿರುತ್ತದೆ; ಬಳೆಯ ಅಂಚಿಗೆ ಸಿಕ್ಕರೆ ಅಲ್ಲಿಗೆ ಬಟ್ಟೆಯ ಕಥೆ ಮುಗಿಯಿತು. ಅದಕ್ಕೇ ಬಲ್ಲವರು ದೊಡ್ಡ ದಳದೊಳಗೆ ನರಗಳನ್ನೋ ಸಣ್ಣ ಚುಕ್ಕಿಗಳನ್ನೋ ಇಡುತ್ತಾರೆ. ನೋಡುವವರಿಗೆ ಅದು ಅಲಂಕಾರ, ಎಳೆಯ ಪಾಲಿಗೆ ಅದು ಹೊಲಿಗೆ. ಹಳೆಯ ವಿನ್ಯಾಸಗಳಲ್ಲಿ ನಾವು ಕೇವಲ ಸೊಗಸೆಂದು ತಿಳಿದಿರುವ ಎಷ್ಟೋ ವಿವರಗಳು ಹೀಗೆ ಅಗತ್ಯದಿಂದ ಹುಟ್ಟಿದವು. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಒಂದು ವಾಕ್ಯ ಹೇಳಿ ಸಾಂಪ್ರದಾಯಿಕ ವಿನ್ಯಾಸವನ್ನು ಪಡೆಯಬಹುದೇ ಎಂದು ಮತ್ತಿಬ್ಬರು ಕೇಳಿದ್ದಾರೆ; ಅವರಿಗೂ ಇದೇ ಉತ್ತರ. ಅದು ಕೊಡುವ ಚಿತ್ರದಲ್ಲಿ ನರಗಳಿರುತ್ತವೆ, ಆದರೆ ಅವು ಎಳೆಯನ್ನು ಕಟ್ಟಬೇಕಾದ ಜಾಗದಲ್ಲಿ ಇರುವುದಿಲ್ಲ. ಎರಡು ಪಕ್ಕದ ಹೂಗಳನ್ನು ಎಣಿಸಿ ನೋಡಿದರೆ ಲೆಕ್ಕ ಒಂದಕ್ಕೊಂದು ಕೂಡುವುದಿಲ್ಲ.

ನನ್ನದೇ ಒಂದು ಪೆಟ್ಟಿನ ಕಥೆ ಹೇಳಿಬಿಡುತ್ತೇನೆ. ಮೊದಲ ಸಲ ನಾನು ಕೊಟ್ಟ ವಿನ್ಯಾಸದ ಅಗಲ 300 ಮನೆಗಳಿತ್ತು, ಮಗ್ಗದಲ್ಲಿ 240 ಕೊಕ್ಕೆಗಳು. ಆ ನೇಕಾರರು ನನ್ನನ್ನು ಬೈಯಲಿಲ್ಲ. ಎರಡು ಬಳ್ಳಿಗಳ ನಡುವೆ ನಾನು ತುರುಕಿದ್ದ ಎಲೆಗಳಲ್ಲಿ 60 ಮನೆಗಳಷ್ಟು ಅಗಲವನ್ನು ತಾವೇ ಕಿತ್ತುಹಾಕಿ ನೇಯ್ದು ಕೊಟ್ಟರು. ಬಟ್ಟೆ ಬಂದಾಗ ನನಗೆ ಮೊದಲು ಸಿಟ್ಟು ಬಂತು, ಅರ್ಧ ಗಂಟೆಯ ಮೇಲೆ ನಾಚಿಕೆಯಾಯಿತು, ಏಕೆಂದರೆ ಆ ಎಲೆಗಳಿಲ್ಲದೆಯೇ ಬಳ್ಳಿಗೆ ಉಸಿರು ಬಂದಿತ್ತು. ಅಂದಿನಿಂದ ಕೊಕ್ಕೆಗಳ ಸಂಖ್ಯೆಯನ್ನೂ ಹಾಸಿನ ಲೆಕ್ಕವನ್ನೂ ಕೇಳಿ ಬರೆದುಕೊಳ್ಳದೆ ನಾನು ಕಂಪ್ಯೂಟರ್ ತೆರೆಯುವುದಿಲ್ಲ. ನೀವು ಆ ನೇಕಾರರ ಬಳಿಗೆ ಕಡತವಿಲ್ಲದೆ, ಬರಿಗೈಯಲ್ಲಿ ಇನ್ನೊಮ್ಮೆ ಹೋಗಿ ಕುಳಿತುಕೊಳ್ಳಿ.

ಪ್ರಶ್ನೆ: ಕಸೂತಿಯ ಗವಂತಿ ಹೊಲಿಗೆಯನ್ನು ಕಂಪ್ಯೂಟರ್ ಕಸೂತಿ ಯಂತ್ರದಲ್ಲಿ ಹಾಕಲು ಪ್ರಯತ್ನಿಸುತ್ತಿದ್ದೇನೆ. ಮುಂಬದಿ ಚೆನ್ನಾಗಿ ಬರುತ್ತದೆ, ಹಿಂಬದಿ ಬರುವುದೇ ಇಲ್ಲ. ಯಂತ್ರವನ್ನು ಹೇಗೆ ಸರಿಪಡಿಸಬೇಕು?
— ಗೃಹಿಣಿ, ಕಸೂತಿ ಶಿಕ್ಷಕಿ

ಉತ್ತರ: ನಿಮ್ಮ ಯಂತ್ರ ಸರಿಯಾಗಿಯೇ ಇದೆ, ತಾಯಿ. ಕಸೂತಿ ಯಂತ್ರವು ಎರಡು ದಾರಗಳಿಂದ ಹೊಲಿಯುತ್ತದೆ: ಮೇಲಿನದು ಸೂಜಿಯದು, ಕೆಳಗಿನದು ಬಾಬಿನ್‌ನದು. ಎರಡೂ ಬಟ್ಟೆಯ ನಡುವೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಗವಂತಿಯಲ್ಲಿ ಇರುವುದು ಒಂದೇ ದಾರ. ಅದು ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ತುಂಬಿ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ, ಆದ್ದರಿಂದ ಎರಡು ಬದಿಯೂ ಒಂದೇ ಆಗಿರುತ್ತದೆ, ಗಂಟೂ ಇರುವುದಿಲ್ಲ. ಯೂರೋಪಿನಲ್ಲಿ ಇದನ್ನು ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಬಾಬಿನ್‌ಗೂ ಸೂಜಿಗೂ ಒಂದೇ ಬಣ್ಣದ ದಾರ ಹಾಕಿ ಸ್ವಲ್ಪ ಹತ್ತಿರ ಬರಬಹುದು, ಅದೇ ಆಗುವುದಿಲ್ಲ.

ಆದರೆ ಕಂಪ್ಯೂಟರ್ ನಿಮಗೆ ಬೇರೊಂದು ಕಡೆ ನೆರವಾಗಬಲ್ಲದು. ಗೋಪುರದಂಥ ದೊಡ್ಡ ವಿನ್ಯಾಸವನ್ನು ಎಲ್ಲಿಂದ ಆರಂಭಿಸಿದರೆ ದಾರ ಕತ್ತರಿಸದೆ ಹೊರಟ ಜಾಗಕ್ಕೇ ಮರಳಬಹುದು ಎಂದು ಕಲಿಯುವವರು ತಲೆ ಕೆಡಿಸಿಕೊಳ್ಳುತ್ತಾರೆ. ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನೂ ಒಂದೊಂದೇ ಸಲ ದಾಟಿ ಸುತ್ತಿಬರಬಹುದೇ ಎಂದು 1736ರಲ್ಲಿ ಯೋಚಿಸಿದ ಸಮಸ್ಯೆಗೆ ಇದು ಹತ್ತಿರದ ನೆಂಟ. ಪ್ರತಿಯೊಂದು ಸಂಧಿಯಲ್ಲೂ ಕೂಡುವ ದಾರಿಗಳ ಸಂಖ್ಯೆ ಸಮವಾಗಿದ್ದರೆ ಎಲ್ಲ ದಾರಿಗಳನ್ನೂ ಒಂದೊಂದು ಸಲ ನಡೆದು ಹೊರಟಲ್ಲಿಗೆ ಬರಬಹುದು. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೂ ಎರಡು ಸಲ ಹೋಗುತ್ತೇವೆ, ಆದ್ದರಿಂದ ಲೆಕ್ಕ ತಾನಾಗಿಯೇ ಸಮವಾಗುತ್ತದೆ. ಗೆರೆಗಳು ಎಲ್ಲಿಯೂ ತುಂಡಾಗದೆ ಒಂದಕ್ಕೊಂದು ಕೂಡಿದ್ದರೆ, ಎಷ್ಟೇ ತೊಡಕಿನ ವಿನ್ಯಾಸವಾದರೂ, ಯಾವ ಮೂಲೆಯಿಂದ ಆರಂಭಿಸಿದರೂ ಅಲ್ಲಿಗೇ ಮರಳುವ ದಾರಿ ಇದ್ದೇ ಇದೆ. ನಿಮ್ಮ ವಿದ್ಯಾರ್ಥಿನಿಯರಿಗೆ ವಿನ್ಯಾಸವನ್ನು ಚೌಕುಳಿಯಲ್ಲಿ ಬರೆದು, ಹೋಗುವ ದಾರಿಗೆ ಒಂದು ಬಣ್ಣ, ಬರುವ ದಾರಿಗೆ ಇನ್ನೊಂದು ಬಣ್ಣ ಕೊಟ್ಟು ಪರದೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ತೋರಿಸಿ. ಹೊಲಿಗೆಯನ್ನು ಮಾತ್ರ ಅವರ ಕೈಗೇ ಬಿಡಿ.

ಪ್ರಶ್ನೆ: ಪರದೆಯ ಮೇಲಿನ ನೀಲಿಯು ಬಟ್ಟೆಯ ಮೇಲೆ ಏಕೆ ಸಾಯುತ್ತದೆ?
— ವಸ್ತ್ರವಿನ್ಯಾಸಕಿ

ಉತ್ತರ: ಪರದೆಯ ನೀಲಿ ಬೆಳಕು, ಬಟ್ಟೆಯ ನೀಲಿ ಬೆಳಕನ್ನು ನುಂಗಿದ ಮೇಲೆ ಉಳಿದದ್ದು. ಪರದೆ ತೋರಿಸುವ ಎಷ್ಟೋ ಉಜ್ಜ್ವಲ ಬಣ್ಣಗಳು ಬಟ್ಟೆಯ ಮುದ್ರಣದಲ್ಲಿ ಬರುವುದೇ ಸಾಧ್ಯವಿಲ್ಲ. ಜೊತೆಗೆ ಬಟ್ಟೆಗೆ ತಕ್ಕ ಶಾಯಿ ಬೇಕು: ಹತ್ತಿಗೆ ರಿಯಾಕ್ಟಿವ್, ರೇಷ್ಮೆ ಮತ್ತು ಉಣ್ಣೆಗೆ ಸಾಮಾನ್ಯವಾಗಿ ಆಸಿಡ್, ಪಾಲಿಯೆಸ್ಟರಿಗೆ ಡಿಸ್ಪರ್ಸ್. ರಿಯಾಕ್ಟಿವ್ ಶಾಯಿಗೆ ಬಟ್ಟೆಯನ್ನು ಮೊದಲೇ ಕ್ಷಾರ, ಯೂರಿಯಾ ಮತ್ತು ಅಂಟಿನ ದ್ರಾವಣದಲ್ಲಿ ಅದ್ದಿ ಒಣಗಿಸಿರಬೇಕು. ಮುದ್ರಿಸಿದ ಮೇಲೆ ಉಗಿಯಲ್ಲಿ ಬೇಯಿಸಿದಾಗಲೇ ಬಣ್ಣವು ನೂಲಿಗೆ ಕಟ್ಟಿಕೊಳ್ಳುವುದು, ತೊಳೆದ ಮೇಲೆಯೇ ಅದರ ನಿಜವಾದ ಮುಖ ಕಾಣುವುದು. ಮುದ್ರಣ ಯಂತ್ರದಿಂದ ಆಗತಾನೇ ಹೊರಬಂದ ಬಟ್ಟೆಯನ್ನು ನೋಡಿ ಕಣ್ಣೀರು ಹಾಕಬೇಡಿ. ನಿಮಗೆ ಬೇಕಾಗಿರುವುದು ಸಸ್ಯನೀಲಿಯೇ ಆದರೆ, ಅದು ನೀರಿನಲ್ಲಿ ಕರಗದ ಬಣ್ಣ. ತೊಟ್ಟಿಯಲ್ಲಿ ಅದರ ರೂಪ ಬದಲಾಯಿಸಿ, ನೂಲಿಗೆ ಹೀರಿಸಿ, ಗಾಳಿಗೆ ಹಿಡಿದಾಗ ಮತ್ತೆ ನೀಲಿಯಾಗುವ ಪದರಗಳು ಅದರ ಆಳಕ್ಕೆ ಕಾರಣ. ಶಾಯಿಯ ಒಂದು ಪದರದಿಂದ ಆ ಆಳವನ್ನು ನಿರೀಕ್ಷಿಸುವುದು ಅನ್ಯಾಯ. ನಾನು ಅಂಥ ಕಡೆಗಳಲ್ಲಿ ನೀಲಿಯನ್ನು ಮುದ್ರಿಸುವುದಿಲ್ಲ: ನೀಲಿ ಅದ್ದಿದ ಬಟ್ಟೆಯ ಮೇಲೆ ಉಳಿದ ಬಣ್ಣಗಳನ್ನು ಮಾತ್ರ ತರುತ್ತೇನೆ.

ಪ್ರಶ್ನೆ: ಒಂದು ಸಮುದಾಯದ ವಿನ್ಯಾಸವನ್ನು ಹೊರಗಿನವರು ಬಳಸಬಹುದೇ? ಹಳೆಯ ವಿನ್ಯಾಸಕ್ಕೆ ಕೃತಿಸ್ವಾಮ್ಯ ಇರುವುದಿಲ್ಲವಲ್ಲ?
— ವಕೀಲರು

ಉತ್ತರ: ತಾವು ಕಾನೂನು ಬಲ್ಲವರು, ನಾನು ಹೇಳಬಹುದಾದದ್ದು ಕಡಿಮೆ. ತಲೆಮಾರುಗಳಿಂದ ಬಂದ ವಿನ್ಯಾಸಕ್ಕೆ ಒಬ್ಬ ಕರ್ತೃ ಇಲ್ಲದ ಕಾರಣ ಸಾಮಾನ್ಯ ಕೃತಿಸ್ವಾಮ್ಯದ ಚೌಕಟ್ಟಿಗೆ ಅದು ಸಿಗುವುದಿಲ್ಲ. ಜಿಐ ಗುರುತೆಂದು ಕರೆಯುವ ಭೌಗೋಳಿಕ ಸೂಚಿಕೆಯು ಕಾಪಾಡುವುದು ಮುಖ್ಯವಾಗಿ ಹೆಸರನ್ನು. ಆದರೆ ಬೇರೆ ದಾರಿ ಹಿಡಿದ ದೇಶವೂ ಇದೆ. ಘಾನಾದ 2005ರ ಕೃತಿಸ್ವಾಮ್ಯ ಕಾಯ್ದೆಯು ಜನಪದ ಅಭಿವ್ಯಕ್ತಿಗಳ ಹಕ್ಕನ್ನು ಜನರ ಪರವಾಗಿ ದೇಶದ ಅಧ್ಯಕ್ಷರಲ್ಲಿ ಇರಿಸಿದೆ. ಅಲ್ಲಿನ ಕೆಂಟೆ ನೇಯ್ಗೆಯ ಮತ್ತು ಅಡಿಂಕ್ರಾ ಮುದ್ರೆಗಳ ವಿನ್ಯಾಸಗಳು ಅದರ ವ್ಯಾಪ್ತಿಗೆ ಬರುತ್ತವೆ. ಕಾನೂನು ಸುಮ್ಮನಿರುವ ಕಡೆ ನಾನು ಮೂರು ಮಾತು ಕೇಳಿಕೊಳ್ಳುತ್ತೇನೆ: ಈ ಗುರುತು ಯಾರಿಗಾದರೂ ಪೂಜ್ಯವೇ ಅಥವಾ ಸೂತಕದ್ದೇ, ಇದನ್ನು ಇನ್ನೂ ಕೈಯಿಂದ ಮಾಡುತ್ತಿರುವವರ ಮಾರುಕಟ್ಟೆಯನ್ನು ನನ್ನ ಅಗ್ಗದ ಮುದ್ರಣ ಕಿತ್ತುಕೊಳ್ಳುತ್ತದೆಯೇ, ಕಲಿಸಿದವರ ಹೆಸರು ಮತ್ತು ಪಾಲು ಎಲ್ಲಿದೆ. ಎರಡನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಕೈಬಿಡುತ್ತೇನೆ. ಹಾಗೆ ಕೈಬಿಟ್ಟ ವಿನ್ಯಾಸಗಳು ನನ್ನ ಕಪಾಟಿನಲ್ಲಿ ಒಂದು ಕಟ್ಟಿನಷ್ಟಿವೆ.

ಪ್ರಶ್ನೆ: ಈ ಬಗೆಯ ಕೆಲಸ ಮಾಡಿದವರಲ್ಲಿ ಯಾರನ್ನು ನೋಡಬೇಕು?
— ಲಲಿತಕಲೆಯ ವಿದ್ಯಾರ್ಥಿ

ಉತ್ತರ: ಅಜರ್‌ಬೈಜಾನಿನ ಫಾಯಿಗ್ ಅಹ್ಮದ್ ಅವರಿಂದ ಆರಂಭಿಸಿ. 1982ರಲ್ಲಿ ಹುಟ್ಟಿದ ಈ ಕಲಾವಿದರು ತಮ್ಮ ನಾಡಿನ ರತ್ನಗಂಬಳಿಯ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಕರಗಿಸಿ, ಎಳೆದು, ಕೆಟ್ಟುಹೋದ ಪರದೆಯಂತೆ ಚೂರು ಮಾಡಿ, ಅನಂತರ ಅದನ್ನು ನುರಿತ ನೇಕಾರರಿಂದ ಗಂಟು ಗಂಟಾಗಿ ಕೈಯಿಂದಲೇ ಕಟ್ಟಿಸುತ್ತಾರೆ. ಮೇಲಿನ ಅರ್ಧ ಹಳೆಯ ಗಂಬಳಿ, ಕೆಳಗಿನ ಅರ್ಧ ನೆಲಕ್ಕೆ ಹರಿದ ಬಣ್ಣದ ದ್ರವ. ಎರಡಕ್ಕೂ ಒಂದೇ ಗಂಟು. ಅವರ ಕೃತಿ ನಿಲ್ಲುವುದು ಆ ಗಂಟಿನ ಮೇಲೆ. ಅದನ್ನೇ ಮುದ್ರಿಸಿದ್ದರೆ ಒಂದು ತಮಾಷೆಯಾಗಿ ಮುಗಿಯುತ್ತಿತ್ತು.

ಅಮೆರಿಕದ ಲಿಯಾ ಕುಕ್ ಅವರು ಛಾಯಾಚಿತ್ರದ ಮುಖಗಳನ್ನು ಡಿಜಿಟಲ್ ಜಕಾರ್ಡಿನಲ್ಲಿ ನೇಯುತ್ತಾರೆ. ದೂರದಿಂದ ಮುಖ, ಹತ್ತಿರ ಹೋದರೆ ಬರಿಯ ಎಳೆ. ಇಂಗ್ಲೆಂಡಿನ ಗ್ರೇಸನ್ ಪೆರಿ 2009ರಲ್ಲಿ ನೇಯಿಸಿದ 15 ಮೀಟರ್ ಉದ್ದದ ವಾಲ್ತಮ್‌ಸ್ಟೋ ಚಿತ್ರಜವಳಿಯನ್ನೂ ನೋಡಿ, ಅಷ್ಟು ಉದ್ದ ನನಗೆ ಸ್ವಲ್ಪ ಹೆಚ್ಚೇ ಎನಿಸಿದರೂ. ಇವರೆಲ್ಲರಿಗಿಂತ ಹಿಂದೆ, 1960ರ ದಶಕದಲ್ಲಿ, ಐಬಿಎಂ ಸಂಸ್ಥೆಯಲ್ಲಿದ್ದ ಜಾನಿಸ್ ಲೌರಿ ಅವರು ಪರದೆಯ ಮೇಲೆ ಬರೆದ ವಿನ್ಯಾಸವನ್ನು ಮಗ್ಗದ ಸೂಚನೆಯಾಗಿ ಬದಲಾಯಿಸುವ ವ್ಯವಸ್ಥೆಯನ್ನು ರೂಪಿಸಿದರು. 1968ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊ ನಗರದ ವಿಶ್ವಮೇಳದಲ್ಲಿ ಅದನ್ನು ಜನರ ಎದುರು ನಡೆಸಿ ತೋರಿಸಲಾಯಿತು. ಅವರ ಹೆಸರನ್ನು ನಮ್ಮ ಕ್ಷೇತ್ರದವರೂ ಹೇಳುವುದು ಕಡಿಮೆ.

ಪ್ರಶ್ನೆ: ಇಂಥ ಬಟ್ಟೆಗೆ ಅಂಟಿಸುವ ಚೀಟಿಯಲ್ಲಿ ಏನೆಂದು ಬರೆಯಬೇಕು? "ಕೈಮಗ್ಗ" ಎಂದು ಬರೆದರೆ ಅರ್ಧ ಸುಳ್ಳು, "ಡಿಜಿಟಲ್" ಎಂದು ಬರೆದರೆ ಅರ್ಧ ಅವಮಾನ ಎನಿಸುತ್ತದೆ.
— ಸಣ್ಣ ಉದ್ಯಮಿ

ಉತ್ತರ: ಒಂದೇ ಪದದಲ್ಲಿ ಹೇಳುವ ಹಟ ಬಿಟ್ಟರೆ ಕಷ್ಟವಿಲ್ಲ. ನನ್ನ ಚೀಟಿಯಲ್ಲಿ ನಾಲ್ಕು ಸಾಲುಗಳಿರುತ್ತವೆ: ವಿನ್ಯಾಸದ ಮೂಲ ಯಾವುದು ಮತ್ತು ಅದನ್ನು ಯಾರಿಂದ ಕಲಿತೆ, ಚೌಕುಳಿಯನ್ನು ಕಂಪ್ಯೂಟರಿನಲ್ಲಿ ಬರೆದವರು ಯಾರು, ನೇಯ್ದವರು ಯಾರು ಮತ್ತು ನೇಯ್ದದ್ದು ಕೈಮಗ್ಗದಲ್ಲೋ ವಿದ್ಯುತ್ ಮಗ್ಗದಲ್ಲೋ, ಬಣ್ಣವನ್ನು ನೂಲಿಗೆ ಹಾಕಿದ್ದೋ ಬಟ್ಟೆಯ ಮೇಲೆ ಮುದ್ರಿಸಿದ್ದೋ. ನೇಯ್ದವರ ಹೆಸರನ್ನು ಅವರ ಒಪ್ಪಿಗೆ ಪಡೆದು, ನನ್ನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುತ್ತೇನೆ. ಚೀಟಿ ಸ್ವಲ್ಪ ಉದ್ದವಾಗುತ್ತದೆ. ಅದನ್ನು ಅಂಟಿಸುವ ಬದಲು ದಾರದಿಂದ ಹೊಲಿಯಿರಿ. ಅಂಟು ಕಾಲಕ್ರಮದಲ್ಲಿ ರೇಷ್ಮೆಯ ಮೇಲೆ ಕಲೆ ಬಿಡುತ್ತದೆ.